ಮೂವತ್ತೆಂಟಕ್ಕೆ ನಿವೃತ್ತಿ: ಕರ್ನಾಟಕದ ಮಾಜಿ ಸೈನಿಕರ ಬಾಳಿನ ಲೆಕ್ಕ

ಒಂದೇ ಹಳ್ಳಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದ ಇಬ್ಬರನ್ನು ಊಹಿಸಿಕೊಂಡರೆ ಈ ಉಪನ್ಯಾಸದ ವಿಷಯ ಅರ್ಧ ತಿಳಿದಂತೆಯೇ. ಒಬ್ಬ ಮುಂದೆ ಓದಿ ಸರಕಾರಿ ಶಾಲೆಯ ಮೇಷ್ಟ್ರಾದ. ಇನ್ನೊಬ್ಬ ಹತ್ತೊಂಬತ್ತರ ಹರೆಯದಲ್ಲಿ ಸೇನಾ ಭರ್ತಿಯ ಮೈದಾನದಲ್ಲಿ 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಓಡಿ ಸಿಪಾಯಿಯಾದ. ಮೇಷ್ಟ್ರು ನಿವೃತ್ತರಾಗುವುದು 60ಕ್ಕೆ. ಸಿಪಾಯಿ ಬಡ್ತಿ ಸಿಗದೆ ಸಿಪಾಯಿಯಾಗಿಯೇ ಉಳಿದರೆ 17 ವರ್ಷ, ಎರಡು ವರ್ಷದ ವಿಸ್ತರಣೆ ಸೇರಿದರೆ 19 ವರ್ಷ. ಮೂವತ್ತೆಂಟಕ್ಕೆ ಟ್ರಂಕು ಹೊತ್ತು ಮನೆಗೆ. ಆ ಹೊತ್ತಿಗೆ ದೊಡ್ಡ ಮಗಳು ಏಳನೇ ಕ್ಲಾಸು, ಚಿಕ್ಕವನು ಇನ್ನೂ ಮಗ್ಗಿ ಕಲಿಯುತ್ತಿದ್ದಾನೆ. ಮನೆಯ ಮೇಲೆ ಆರ್‌ಸಿಸಿ ಬಿದ್ದಿಲ್ಲ. ಅಪ್ಪನಿಗೆ ಹೊಲದ ಕೆಲಸ ಆಗುತ್ತಿಲ್ಲ. ಮೇಷ್ಟ್ರಿಗೆ ಇನ್ನೂ 22 ವರ್ಷದ ಸಂಬಳ ಇದೆ, ವರ್ಷಕ್ಕೊಂದು ಇನ್‌ಕ್ರಿಮೆಂಟು ಇದೆ. ಇವನಿಗಿರುವುದು ಕೊನೆಯ ಸಂಬಳದ ಅರ್ಧದಷ್ಟು ಪಿಂಚಣಿ.

ಮಾಜಿ ಸೈನಿಕ ಎಂದೊಡನೆ ನಮ್ಮ ಸಭೆ ಸಮಾರಂಭಗಳು ಕಣ್ಣ ಮುಂದೆ ತಂದುಕೊಳ್ಳುವುದು ಬಿಳಿ ಮೀಸೆಯ, ಕೋಟಿನ ಮೇಲೆ ಪದಕಗಳ ಸಾಲು ತೊಟ್ಟ ಹಿರಿಯರನ್ನು. ಅವರಿದ್ದಾರೆ, ಗೌರವಕ್ಕೆ ಅರ್ಹರು. ಆದರೆ ದೇಶದ ಸೇನಾಪಡೆಗಳಿಂದ ಪ್ರತಿವರ್ಷ ಹೊರಬರುವ ಸುಮಾರು 60 ಸಾವಿರ ಜನರಲ್ಲಿ ಬಹುಪಾಲು 35ರಿಂದ 45ರ ನಡುವಿನವರು. ಗಂಧದ ಹಾರ, ಶಾಲು, ಮೈಸೂರು ಪೇಟ ಇವರ ತಿಂಗಳ ಖರ್ಚು ತೂಗಿಸುವುದಿಲ್ಲ. ಇವರಿಗೆ ಬೇಕಾದದ್ದು ಎರಡನೇ ಉದ್ಯೋಗ. ಸರಕಾರದ ಕಲ್ಯಾಣ ವ್ಯವಸ್ಥೆಯನ್ನೋ ಬಹುಮಟ್ಟಿಗೆ ವೃದ್ಧರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ಕರ್ನಾಟಕದ ಮಾಜಿ ಸೈನಿಕರ ಆರ್ಥಿಕ ಸ್ಥಿತಿಯ ಬಗ್ಗೆ ಹೇಳಬೇಕಾದ ಮಾತು ಹೆಚ್ಚುಕಡಿಮೆ ಇಷ್ಟೇ. ಮಿಕ್ಕಿದ್ದೆಲ್ಲ ಅದರ ವಿವರ.

ವಿವರಕ್ಕೆ ಇಳಿಯುವ ಮೊದಲೇ ಒಂದು ತೊಡಕು. ಕರ್ನಾಟಕದಲ್ಲಿ ಮಾಜಿ ಸೈನಿಕರು ಎಲ್ಲೆಲ್ಲಿದ್ದಾರೆ, ಯಾವ ವಯಸ್ಸಿನವರು, ಏನು ಮಾಡಿಕೊಂಡಿದ್ದಾರೆ, ಎಷ್ಟು ದುಡಿಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿದ ಜನಗಣತಿ ಇಲ್ಲ. 2011ರ ಜನಗಣತಿಯ ನಮೂನೆಯಲ್ಲಿ ಧರ್ಮ, ಮಾತೃಭಾಷೆ, ಅಂಗವೈಕಲ್ಯ, ವಲಸೆಯ ಕಾರಣ, ಕೆಲಸಕ್ಕೆ ಹೋಗುವ ದೂರ ಎಲ್ಲಕ್ಕೂ ಕಾಲಂ ಇತ್ತು. ಸೇನೆಯಲ್ಲಿ ದುಡಿದಿದ್ದೀರಾ ಎಂಬ ಪ್ರಶ್ನೆ ಇರಲಿಲ್ಲ. ಅಮೆರಿಕದ ಜನಗಣತಿ ಇಲಾಖೆ ಪ್ರತಿವರ್ಷ ನಡೆಸುವ ಸಮೀಕ್ಷೆಯಲ್ಲಿ ಈ ಪ್ರಶ್ನೆ ಕೇಳುತ್ತದೆ. ಹಾಗಾಗಿ ಅಲ್ಲಿಯ ಒಂದೊಂದು ರಾಜ್ಯದ ಮಾಜಿ ಸೈನಿಕರ ವಯಸ್ಸು, ವರಮಾನ, ಬಡತನ, ಅಂಗವೈಕಲ್ಯ ಎಲ್ಲವೂ ಕೋಷ್ಟಕವಾಗಿ ಸಿಗುತ್ತವೆ. ಇಲ್ಲಿ ಇರುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನೋಂದಣಿ. ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನದಿಂದ ನಡೆಯುವ ಈ ಇಲಾಖೆಗೆ ಜಿಲ್ಲಾ ಮಟ್ಟದ ಕಚೇರಿಗಳಿವೆ. ಕೆಲವು ಕಚೇರಿಗಳ ಮೇಲೆ ಒಂದಕ್ಕಿಂತ ಹೆಚ್ಚು ಜಿಲ್ಲೆಗಳ ಹೊರೆಯಿದೆ. ನಿವೃತ್ತನಾದವನು ತಾನಾಗಿ ಹೋಗಿ ಹೆಸರು ಬರೆಸಿದರೆ ಪಟ್ಟಿಯಲ್ಲಿದ್ದಾನೆ, ಇಲ್ಲದಿದ್ದರೆ ಇಲ್ಲ. ಗುರುತಿನ ಚೀಟಿ ಬೇಕಾದಾಗ, ಮಗಳ ಸೀಟಿಗೆ ಪ್ರಮಾಣಪತ್ರ ಬೇಕಾದಾಗ ಹೋಗುತ್ತಾನೆ. ಆಮೇಲೆ ಕೆಲಸ ಹುಡುಕಿ ಪುಣೆಗೋ ಗೋವಾಕ್ಕೋ ಹೋದರೂ ಹೆಸರು ಬೆಳಗಾವಿಯಲ್ಲೇ ಉಳಿಯುತ್ತದೆ.

ಹಾಗಿದ್ದರೂ ರಾಜ್ಯದ ಸೈನಿಕ ಭೂಪಟ ಅಷ್ಟೇನೂ ಗುಟ್ಟಿನದಲ್ಲ. ಮೊದಲ ಹೆಸರು ಕೊಡಗು. 2011ರ ಗಣತಿಯಲ್ಲಿ 5,54,519 ಜನಸಂಖ್ಯೆಯಿದ್ದ, ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಈ ಜಿಲ್ಲೆ 1949ರ ಜನವರಿ 15ರಂದು ಭಾರತೀಯ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪನವರನ್ನು ಕೊಟ್ಟಿತು. ಎಂಟು ವರ್ಷಗಳ ಬಳಿಕ ಜನರಲ್ ತಿಮ್ಮಯ್ಯನವರನ್ನು ಸೇನಾ ಮುಖ್ಯಸ್ಥರನ್ನಾಗಿ ಕೊಟ್ಟಿತು. ಕೊಡಗಿನ ಹೆಸರಿನ ಪದಾತಿ ರೆಜಿಮೆಂಟೇ ಇಲ್ಲ, ಆದರೂ ಕೊಡಗಿನವರಿಲ್ಲದ ದಳ ಸಿಗುವುದು ಕಷ್ಟ. ಇದಕ್ಕೆ ಶೌರ್ಯದ ಕಥೆಗಳಷ್ಟೇ ಕಾರಣವಲ್ಲ, ಭೂಮಿಯ ಕಥೆಯೂ ಇದೆ. ರಾಜರ ಕಾಲದ ಜಮ್ಮಾ ಹಿಡುವಳಿ ಎಂಬುದೇ ಸೈನಿಕ ಸೇವೆಯ ಕರಾರಿನ ಮೇಲೆ, ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇಂದಿಗೂ ಇರುವ ವಿನಾಯಿತಿಯ ಬೇರು ಅಲ್ಲಿದೆ. ಸೇನೆಗೆ ಹೋದವನು ಹಿಂದಿರುಗಿದಾಗ ಕಾಲೂರಲು ಒಂದಿಷ್ಟು ನೆಲ ಇರುತ್ತಿತ್ತು. ಮಡಿಕೇರಿ, ವಿರಾಜಪೇಟೆ ಸುತ್ತ ನಿವೃತ್ತ ಅಧಿಕಾರಿಯ ಪಿಂಚಣಿಗೆ ಕಾಫಿ, ಮೆಣಸಿನ ವರಮಾನ ಕೂಡಿಕೊಳ್ಳುತ್ತದೆ. 2024-25ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಸಿಪಾಯಿಯ ಪಿಂಚಣಿಯಲ್ಲಿ ಬದುಕುವವನಿಗೆ ಅದು ಯಾವ ಲೋಕದ ಸುದ್ದಿಯೋ, ಹತ್ತು ಎಕರೆ ತೋಟವಿದ್ದ ಸುಬೇದಾರನಿಗೆ ಮಾತ್ರ ಹಬ್ಬ.

ಉತ್ತರಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ಹಾವೇರಿ ಕಡೆಯ ಹುಡುಗರು ನಸುಕಿನಲ್ಲಿ ಹೆದ್ದಾರಿಯ ಬದಿ ಓಡುತ್ತ ಭರ್ತಿಗೆ ತಯಾರಾಗುವುದನ್ನು ಆ ದಾರಿಯ ಬಸ್ ಪ್ರಯಾಣಿಕರೆಲ್ಲ ನೋಡಿರುತ್ತಾರೆ. ಇಲ್ಲಿಯ ಹುಡುಗ ಹೋಗುವುದು ಹೆಚ್ಚಾಗಿ ಸಿಪಾಯಿಯಾಗಿ. ಬಿಟ್ಟು ಹೋಗುವುದು ಮಳೆಯನ್ನೇ ನಂಬಿದ ನಾಲ್ಕೆಕರೆ ಎರೆ ಹೊಲವನ್ನು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕು, ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಕುಂದಗೋಳ ತಾಲ್ಲೂಕಿನ ಬೆಟದೂರಿನ ರೈತ ಕುಟುಂಬದವರು. ಆಗ ಅವರ ವಯಸ್ಸು 33. ಬದುಕಿದ್ದರೆ ಅಲ್ಲಿಂದ ನಾಲ್ಕೈದು ವರ್ಷಕ್ಕೆ ಅವರೂ ನಿವೃತ್ತಿಯ ಹೊಸ್ತಿಲಿಗೆ ಬರುತ್ತಿದ್ದವರೇ.

ಮೂರನೆಯದು ಬೆಂಗಳೂರು. ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸರಬರಾಜು ದಳ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಎಲ್ಲ ಇಲ್ಲೇ. ಇಲ್ಲಿ ಸೇವೆ ಮಾಡಿದ ತಮಿಳರು, ಮಲಯಾಳಿಗಳು, ಪಂಜಾಬಿಗಳು, ಬಿಹಾರಿಗಳು ಹವೆಗೂ ಆಸ್ಪತ್ರೆಗೂ ಮಕ್ಕಳ ಓದಿಗೂ ಮನಸೋತು ಇಲ್ಲೇ ನೆಲೆ ನಿಂತಿದ್ದಾರೆ. ವಾಯುಪಡೆಯಲ್ಲಿ 20 ವರ್ಷ ಎಂಜಿನು, ರೇಡಾರು ರಿಪೇರಿ ಮಾಡಿದ ತಂತ್ರಜ್ಞನಿಗೆ ಎಚ್‌ಎಎಲ್, ಬಿಇಎಲ್ ಇರುವ ಊರಿನಲ್ಲಿ, ವಿಮಾನ ದುರಸ್ತಿ ಕಂಪನಿಗಳಿರುವ ಊರಿನಲ್ಲಿ ಬೆಲೆ ಇದೆ. ಅದೇ 19 ವರ್ಷ ರೈಫಲ್ ಹಿಡಿದು ಗಡಿ ಕಾದವನಿಗೆ ಈ ನಗರ ತೋರಿಸುವುದು ಅಪಾರ್ಟ್‌ಮೆಂಟಿನ ಗೇಟು. ಸೇನೆಯೊಳಗೆ ಇಬ್ಬರೂ ಸಮಾನರೆಂದು ಹೇಳಿಕೊಳ್ಳಬಹುದು, ಸಂತೆಯಲ್ಲಿ ಅಲ್ಲ.

ಇನ್ನು ದುಡ್ಡಿನ ಮಾತು. ಒಂದೇ ಹುದ್ದೆಯಲ್ಲಿ ಒಂದೇ ಅವಧಿ ದುಡಿದವರಿಗೆ, ನಿವೃತ್ತಿಯ ದಿನ ಯಾವುದೇ ಇರಲಿ, ಒಂದೇ ಪಿಂಚಣಿ ಎಂಬ ಬೇಡಿಕೆ ದಶಕಗಳಷ್ಟು ಹಳೆಯದು. 2015ರ ಜೂನ್‌ನಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತ ಮೇಲೆ ಆ ವರ್ಷದ ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಜಾರಿ 2014ರ ಜುಲೈ 1ರಿಂದ, ಪರಿಷ್ಕರಣೆ ಐದು ವರ್ಷಕ್ಕೊಮ್ಮೆ. ಮೊದಲ ಪರಿಷ್ಕರಣೆ 2019ರಿಂದ ಅನ್ವಯವಾಗಬೇಕಿದ್ದದ್ದು, ಕೇಂದ್ರ ಸಂಪುಟ ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. ಆಗ ಸರಕಾರವೇ ಕೊಟ್ಟ ಉದಾಹರಣೆಯ ಪಟ್ಟಿಯನ್ನು ನೋಡಬೇಕು: ತುಟ್ಟಿಭತ್ಯೆಯ ಏರಿಕೆ ಸೇರಿ ಸಿಪಾಯಿಯ ಪಿಂಚಣಿ ತಿಂಗಳಿಗೆ ಸುಮಾರು 20 ಸಾವಿರ ರೂಪಾಯಿ, ಲೆಫ್ಟಿನೆಂಟ್ ಕರ್ನಲ್‌ನದು ಸುಮಾರು 99 ಸಾವಿರ. ಹೆಚ್ಚುಕಡಿಮೆ ಐದು ಪಟ್ಟು. ಮಾಜಿ ಸೈನಿಕರ ಸರಾಸರಿ ವರಮಾನ ಇಷ್ಟು ಎಂದು ಯಾರಾದರೂ ಹೇಳಿದರೆ ಆ ಸರಾಸರಿಯಿಂದ ಇಬ್ಬರ ಬಗೆಗೂ ಏನೂ ತಿಳಿಯುವುದಿಲ್ಲ.

ಆ 20 ಸಾವಿರವೂ ಪೂರ್ತಿ ಕೈಗೆ ಬರುತ್ತದೆಂದು ತಿಳಿಯಬೇಕಿಲ್ಲ. ಸೇನಾ ಪಿಂಚಣಿಯ ಅರ್ಧದವರೆಗಿನ ಭಾಗವನ್ನು ಮುಂಗಡವಾಗಿ ಒಟ್ಟು ಹಣದ ರೂಪದಲ್ಲಿ ಪಡೆಯುವ ಅವಕಾಶವಿದೆ, ಕಮ್ಯುಟೇಶನ್ ಎನ್ನುತ್ತಾರೆ. ಮೂವತ್ತೆಂಟರವನಿಗೆ ಮನೆ ಕಟ್ಟಬೇಕು, ತಂಗಿಯ ಮದುವೆಯ ಸಾಲ ತೀರಿಸಬೇಕು, ಬೋರ್‌ವೆಲ್ ಕೊರೆಸಬೇಕು. ಬಹಳ ಮಂದಿ ಪಡೆದೇ ಪಡೆಯುತ್ತಾರೆ. ಆ ಭಾಗ ಮರಳಿ ಕೂಡಿಕೊಳ್ಳುವುದು 15 ವರ್ಷದ ನಂತರ, ಅಂದರೆ ಐವತ್ತಮೂರಕ್ಕೆ. ಮಕ್ಕಳ ಕಾಲೇಜು, ಮದುವೆ ಎಲ್ಲ ಬಂದು ಹೋಗುವ ಆ ಹದಿನೈದು ವರ್ಷವೇ ಕೈ ಬಿಗಿಯಾದ ಕಾಲ. ದೇಶದ ಬಜೆಟ್ಟಿನ ಕಡೆಯಿಂದ ನೋಡಿದರೆ ಬೇರೆಯೇ ದೃಶ್ಯ: 2025-26ರ ರಕ್ಷಣಾ ಬಜೆಟ್ಟಿನಲ್ಲಿ ಪಿಂಚಣಿಗೆಂದೇ 1.60 ಲಕ್ಷ ಕೋಟಿ ರೂಪಾಯಿ, ಒಟ್ಟು ರಕ್ಷಣಾ ವೆಚ್ಚದ ಸುಮಾರು ಕಾಲುಭಾಗ. ಎರಡೂ ನಿಜ. ಖಜಾನೆಗೆ ಭಾರ, ಮನೆಗೆ ಸಾಲದು.

ಕಡಿಮೆ ಬೀಳುವ ಭಾಗ ತುಂಬಲು ಮೀಸಲಾತಿ ಇದೆ, ಕಾಗದದ ಮೇಲೆ ಚೆನ್ನಾಗಿಯೇ ಇದೆ. ಕೇಂದ್ರ ಸರಕಾರಿ ಇಲಾಖೆಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಗ್ರೂಪ್ ಡಿಯಲ್ಲಿ ಶೇ 20. ಬ್ಯಾಂಕು ಮತ್ತು ಸಾರ್ವಜನಿಕ ಉದ್ದಿಮೆಗಳಲ್ಲಿ ಯುದ್ಧದಲ್ಲಿ ಮಡಿದವರ, ಅಂಗವಿಕಲರಾದವರ ಪಾಲೂ ಸೇರಿ ಶೇ 14.5 ಮತ್ತು 24.5. ರಾಜ್ಯ ಸರಕಾರದ ನೇಮಕಾತಿ ಅಧಿಸೂಚನೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10. ಭರ್ತಿಯಾದದ್ದು ಎಷ್ಟು? ಪುನರ್ವಸತಿ ಮಹಾನಿರ್ದೇಶನಾಲಯದ 2021ರ ಜೂನ್ ಅಂತ್ಯದ ಲೆಕ್ಕದ ಪ್ರಕಾರ, ವರದಿ ಕೊಟ್ಟ ಕೇಂದ್ರ ಇಲಾಖೆಗಳ ಗ್ರೂಪ್ ಸಿ ಸಿಬ್ಬಂದಿಯಲ್ಲಿ ಮಾಜಿ ಸೈನಿಕರು ಶೇ 1.29, ಗ್ರೂಪ್ ಡಿಯಲ್ಲಿ ಶೇ 2.66. ಸರಕಾರಿ ಬ್ಯಾಂಕುಗಳಲ್ಲಿ ಮಾತ್ರ ಶೇ 9.10 ಮತ್ತು ಶೇ 21.34. ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಹಿಡಿದು ನಿಂತ ಮಾಜಿ ಹವಾಲ್ದಾರನನ್ನು ಕಂಡವರಿಗೆ ಈ ವ್ಯತ್ಯಾಸದ ಕಾರಣ ವಿವರಿಸಬೇಕಾಗಿಲ್ಲ. ಬಂದೂಕು ಹಿಡಿಯುವ ಕೆಲಸ ಬ್ಯಾಂಕಿಗೆ ಬೇಕು, ಅದನ್ನು ಬಲ್ಲವರು ಇವರು. ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದ ನಾಡಿಗೆ ಇದು ಸಣ್ಣ ಸಮಾಧಾನ.

ಉಳಿದೆಡೆ ಹುದ್ದೆಗಳು ಖಾಲಿ ಉಳಿಯಲು ಇಲಾಖೆಗಳು ಕೊಡುವ ಕಾರಣ, ಅರ್ಹರು ಸಿಗಲಿಲ್ಲ ಎಂಬುದು. ಇದನ್ನು ಅರ್ಧ ಒಪ್ಪಬಹುದು. ಹತ್ತನೇ ತರಗತಿ ಮುಗಿಸಿ 15 ವರ್ಷ ಸೇವೆ ಮಾಡಿದವನನ್ನು ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರನೆಂದು ಪರಿಗಣಿಸಲು ಕೇಂದ್ರದ ನಿಯಮವಿದೆ. ವಯೋಮಿತಿಯಲ್ಲಿ ಸೇವಾವಧಿಯನ್ನು ಕಳೆಯುವ ಸವಲತ್ತೂ ಇದೆ. ಆದರೆ ಪರೀಕ್ಷೆಯ ಹಾಲಿನಲ್ಲಿ ಅವನ ಪಕ್ಕ ಕೂತವನು ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಮೂರು ವರ್ಷ ಕೊಳೆತು ಬಂದ ಇಪ್ಪತ್ತಾರರ ತರುಣ. ಇವನು ಕೊನೆಯದಾಗಿ ಪ್ರಶ್ನೆಪತ್ರಿಕೆ ನೋಡಿ ಇಪ್ಪತ್ತು ವರ್ಷವಾಗಿದೆ. ಪ್ರಶ್ನೆಗಳ ಕನ್ನಡವೂ ಇವನಿಗೆ ದೂರದ್ದು, ಏಕೆಂದರೆ ಅಷ್ಟೂ ವರ್ಷ ಮಾತಾಡಿದ್ದು ಹಿಂದಿ. ನಿವೃತ್ತಿಗೆ ಮೊದಲು ಕೆಲವು ತಿಂಗಳ ಪುನರ್ವಸತಿ ಕೋರ್ಸು ಕೊಡುತ್ತಾರೆ. ಅಧಿಕಾರಿಗಳಿಗಾದರೆ ಐಐಎಂಗಳಲ್ಲಿ, ಸಿಪಾಯಿಗೆ ಕಂಪ್ಯೂಟರು, ಸೆಕ್ಯುರಿಟಿ ಸೂಪರ್‌ವೈಸರ್ ಥರದ ತರಬೇತಿ. ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರಲ್ಲೇ ಕಾನೂನು ಬಂದರೂ ಹನ್ನೆರಡು ಗಂಟೆಯ ಪಾಳಿ ಹೋಗಿಲ್ಲ.

ಯಶಸ್ಸಿನ ಕಥೆಗಳಿಲ್ಲವೇ? ಇವೆ. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧ ಕಂಡು, ಎಂಟು ವರ್ಷದ ಸೇವೆಯ ನಂತರ ಇಪ್ಪತ್ತೆಂಟಕ್ಕೆ ಸೇನೆ ಬಿಟ್ಟ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಜಾವಗಲ್ ಬಳಿಯ ಬರಡು ನೆಲದಲ್ಲಿ ರೇಷ್ಮೆ ಬೆಳೆದರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಕುಟುಂಬಕ್ಕೆ ಸಿಕ್ಕ ನೆಲ ಅದು. 1996ರಲ್ಲಿ ಕೃಷಿಗಾಗಿ ರೋಲೆಕ್ಸ್ ಪ್ರಶಸ್ತಿ, 1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಎಂಟು ವರ್ಷದ ಸೇವೆಗೆ ಪಿಂಚಣಿಯಿಲ್ಲ; ಅಧಿಕಾರಿಗೆ ಅದು ದಕ್ಕುವುದು 20 ವರ್ಷಕ್ಕೆ. ಈ ಕಥೆಯನ್ನು ಸಭೆಗಳಲ್ಲಿ ಹೇಳುವವರು ಶಿಸ್ತನ್ನು ಹೊಗಳುತ್ತಾರೆ. ನೆಲವಿತ್ತು ಎಂಬುದನ್ನು ಮರೆಯುತ್ತಾರೆ.

ಆ ನೆಲವನ್ನೇ ಕೊಡುತ್ತೇವೆಂದು ಕರ್ನಾಟಕ ಹೇಳಿ ಅರ್ಧ ಶತಮಾನ ದಾಟಿದೆ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚಿಕೆಗೆ ಲಭ್ಯವಿರುವ ಸರಕಾರಿ ಜಮೀನಿನ ಶೇ 10 ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲು. ದರಖಾಸ್ತು ಹಾಕಿದವನ ಅನುಭವ ಬೇರೆ. ಗೋಮಾಳವೆಂದರೆ ಜಾನುವಾರು ಸಂಖ್ಯೆಗೆ ಸಾಲದೆಂಬ ಷರಾ, ಅರಣ್ಯದ ಅಂಚೆಂದರೆ ಅರಣ್ಯ ಇಲಾಖೆಯ ತಕರಾರು, ನಗರದ ಹತ್ತಿರವೆಂದರೆ ಕೊಡುವಂತಿಲ್ಲ. ಕೊಡಬಹುದಾದ ಸರ್ವೇ ನಂಬರಿನಲ್ಲಿ ಆಗಲೇ ಇನ್ನೊಬ್ಬ ಬಡವ ಉಳುತ್ತಿರುತ್ತಾನೆ. ಅವನನ್ನು ಎಬ್ಬಿಸಿ ಸೈನಿಕನಿಗೆ ಕೊಡುವುದು ಯಾವ ತಹಸೀಲ್ದಾರರಿಗೂ ಬೇಡದ ಉಸಾಬರಿ, ನ್ಯಾಯವೂ ಅಲ್ಲ. ನಿಜ ಹೇಳಬೇಕೆಂದರೆ ಹಂಚಲು ರಾಜ್ಯದಲ್ಲಿ ಭೂಮಿ ಮುಗಿದಿದೆ. ಈ ಆಸೆಯನ್ನು ಜೀವಂತವಾಗಿಟ್ಟು ಕಚೇರಿಗಳಿಗೆ ಅಲೆಸುವ ಬದಲು ಬೇರೆ ದಾರಿಯನ್ನು ನೇರವಾಗಿ ಹೇಳುವುದು ಮರ್ಯಾದೆ.

ಊರಿನವರ ಕಣ್ಣಿಗೆ ಬೀಳುವ ಸವಲತ್ತು ಕ್ಯಾಂಟೀನ್ ಕಾರ್ಡು. ಮಿಕ್ಸಿ, ಫ್ರಿಜ್ಜು ಸ್ವಲ್ಪ ಅಗ್ಗ. ತಿಂಗಳ ಕೋಟಾದ ರಮ್ಮಿಗೆ ಗೆಳೆಯರ ಬಳಗ ದೊಡ್ಡದು. ಅದಕ್ಕಿಂತ ದೊಡ್ಡ ಸವಲತ್ತು 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ವೈದ್ಯಕೀಯ ಯೋಜನೆ, ಎಲ್ಲರ ಬಾಯಲ್ಲಿ ಇಸಿಎಚ್‌ಎಸ್. ಗಂಡ ಹೆಂಡತಿ ಇಬ್ಬರಿಗೂ ಜೀವನಪರ್ಯಂತ ಚಿಕಿತ್ಸೆ ಎಂಬುದು ಖಾಸಗಿ ಆಸ್ಪತ್ರೆಯ ಬಿಲ್ಲು ಕಂಡವರಿಗೆ ಸಣ್ಣ ಮಾತಲ್ಲ. ಮಡಿಕೇರಿ, ಬೆಳಗಾವಿ, ಬೆಂಗಳೂರಿನವರಿಗೆ ಪಾಲಿಕ್ಲಿನಿಕ್ ಹತ್ತಿರ. ಒಳನಾಡಿನ ತಾಲ್ಲೂಕಿನವನಿಗೆ ಮಾತ್ರೆ ತರಲೂ ಒಂದು ದಿನದ ಪ್ರಯಾಣ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಇಬ್ಬರಿದ್ದಾರೆ. ಒಬ್ಬರು ವಿಧವೆಯರು. ಯುದ್ಧದಲ್ಲಿ ಮಡಿದವನ ಪತ್ನಿಗೆ ಕೊನೆಯ ಸಂಬಳದಷ್ಟೇ ಪಿಂಚಣಿ ಬರುತ್ತದೆ; ಸೇವೆಗೆ ಸಂಬಂಧಿಸಿದ ಕಾರಣದಿಂದ ಸತ್ತರೆ ಶೇ 60; ನಿವೃತ್ತನಾಗಿ ಊರಲ್ಲಿ ಸಹಜವಾಗಿ ಸತ್ತವನ ಪತ್ನಿಗೆ, ಆರಂಭದ ಹೆಚ್ಚುವರಿ ದರದ ಅವಧಿ ಕಳೆದ ಮೇಲೆ, ಶೇ 30. ಸಂಖ್ಯೆಯಲ್ಲಿ ಹೆಚ್ಚಿರುವವರು ಈ ಕೊನೆಯವರು, ಸಭೆಗಳಲ್ಲಿ ಸನ್ಮಾನವಿಲ್ಲದವರೂ ಇವರೇ. ದಾಖಲೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಪ್ರಯಾಗರಾಜದ ಪಿಂಚಣಿ ಕಚೇರಿಯ ಜೊತೆ ಪತ್ರವ್ಯವಹಾರ, ಈಗ ಸ್ಪರ್ಶ್ ಪೋರ್ಟಲಿನಲ್ಲಿ ಒಟಿಪಿ. ಇನ್ನೊಬ್ಬರು ಪಿಂಚಣಿಯೇ ಇಲ್ಲದವರು: 15 ವರ್ಷ ತುಂಬುವ ಮೊದಲೇ ಹೊರಬಿದ್ದ ಸಿಪಾಯಿಗಳು, ಎರಡನೇ ಮಹಾಯುದ್ಧದ ಕಾಲದವರ ವಿಧವೆಯರು. 65 ದಾಟಿದ ಇಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ ಕೊಡುತ್ತಿದ್ದದ್ದು 4 ಸಾವಿರ ರೂಪಾಯಿ. 2025ರ ನವೆಂಬರ್‌ನಿಂದ ಅದು 8 ಸಾವಿರ. 

ಇಷ್ಟರ ಮೇಲೆ ಈಗ ಹೊಸ ಪೀಳಿಗೆ ಬರುತ್ತಿದೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ನೂರಕ್ಕೆ 25 ಮಂದಿಯವರೆಗೆ ಮುಂದುವರಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಇಪ್ಪತ್ತೈದರ ಆಸುಪಾಸಿಗೆ ಮನೆಗೆ. ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಮೂವತ್ತೆಂಟರವನಿಗೆ ಎರಡನೇ ಉದ್ಯೋಗ ಹುಡುಕಲಾಗದ ವ್ಯವಸ್ಥೆಗೆ ಈಗ ಇಪ್ಪತ್ತೈದರವನ ಮೊದಲ ನಿಜವಾದ ಉದ್ಯೋಗ ಹುಡುಕುವ ಕೆಲಸ ಬಿದ್ದಿದೆ. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಣೆಯಾಗಿದೆ. ಗ್ರೂಪ್ ಸಿ ಮೀಸಲಾತಿಯ ಗತಿ ನೋಡಿದವರು ಘೋಷಣೆಯನ್ನು ನೇಮಕಾತಿ ಎಂದು ತಿಳಿಯಲಾರರು.

ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದಲ್ಲಿ. ದೇಶದ ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಹುಡುಗರು ಊರಿಗೆ ಬಂದ ವಾರಗಳಲ್ಲೇ ಗಣತಿಯ ಮೇಷ್ಟ್ರು ಮನೆ ಬಾಗಿಲಿಗೆ ಬರುತ್ತಾರೆ. ಸೇನೆಯಲ್ಲಿ ದುಡಿದಿದ್ದೀರಾ, ಎಷ್ಟು ವರ್ಷ, ಈಗೇನು ಕೆಲಸ ಎಂಬ ಮೂರು ಪ್ರಶ್ನೆ ಕೇಳುವಂತೆ ರಾಜ್ಯ ಸರಕಾರ ಕೇಂದ್ರವನ್ನು ಒತ್ತಾಯಿಸಬೇಕು. ಕೇಂದ್ರ ಒಪ್ಪದಿದ್ದರೆ ಗ್ರಾಮ ಪಂಚಾಯಿತಿಗಳ ಮೂಲಕ ತಾನೇ ಪಟ್ಟಿ ಮಾಡಿಸಬೇಕು. ಆ ಪಟ್ಟಿಯಲ್ಲಿ ಅಗ್ನಿವೀರರಿಗೂ, ಸಹಜ ಸಾವಿನ ವಿಧವೆಯರಿಗೂ, ಪಿಂಚಣಿಯಿಲ್ಲದವರಿಗೂ ಕಾಲಂ ಇರಬೇಕು. ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರು, ಶಿಕ್ಷಕರು ಇದ್ದರೆ ತಮ್ಮ ಊರಿನ ಮಟ್ಟಿಗೆ ಅದನ್ನು ಯಾರ ಆದೇಶಕ್ಕೂ ಕಾಯದೆ ಶುರು ಮಾಡಬಹುದು.